ಕತೆಯ ಚೀಟಿಗಳು ಮತ್ತು ರಾವಣನ ಒಂದು ಪ್ರಶ್ನೆ

ಪ್ರಶ್ನೆ: ಐದಾರು ವರ್ಷದಿಂದ ಸಣ್ಣ ಕತೆ ಬರೆಯುತ್ತಿದ್ದೇನೆ. ಹೋದ ವರ್ಷ ಒಂದು ಕಾರ್ಯಾಗಾರದಲ್ಲಿ ಮೂರು ಅಂಕದ ರಚನೆ ಕಲಿತೆ. ಅಲ್ಲಿಂದ ಈಚೆಗೆ ಬರೆಯುವ ಮೊದಲು ಹನ್ನೆರಡು ಚೀಟಿ ಮಾಡಿ ಗೋಡೆಗೆ ಅಂಟಿಸುತ್ತೇನೆ. ಎಲ್ಲಿ ಸಮಸ್ಯೆ ಶುರು, ಎಲ್ಲಿ ಜಗಳ, ಎಲ್ಲಿ ತಿರುವು, ಎಲ್ಲಿ ರಾಜಿ, ಎಲ್ಲ ಅದರಲ್ಲಿ ಇರುತ್ತದೆ. ಊರಿನ ಮನೆ ಮಾರಲು ಬಂದ ಅಣ್ಣ-ತಂಗಿಯ ಕತೆಯನ್ನು ಹಾಗೇ ಬರೆದೆ. ಓದಿದವರೆಲ್ಲ ‘ಚೆನ್ನಾಗಿದೆ’ ಅಂದರು. ಒಬ್ಬರೂ ಮುಂದೆ ಏನೂ ಕೇಳಲಿಲ್ಲ. ನನಗೇ ಓದಿದರೆ ಪಂಚನಾಮೆ ಓದಿದ ಹಾಗೆ ಆಗುತ್ತದೆ. ಚೀಟಿ ಕಿತ್ತುಹಾಕಿ ಕತೆಯನ್ನು ಅದರ ಪಾಡಿಗೆ ಹರಿಯಲು ಬಿಡಬೇಕಾ? ಬಿಟ್ಟರೆ ಅದು ಮುಗಿಯುವುದೇ ಇಲ್ಲ ಅನ್ನುವ ಭಯ. ಎರಡು ಪುಟ ಜೊತೆಗೆ ಕಳಿಸಿದ್ದೇನೆ.

ಉತ್ತರ: ಚೀಟಿ ಕೀಳಬೇಡಿ. ಸದ್ಯಕ್ಕೆ ಆ ಗೋಡೆಗೆ ಬೆನ್ನು ಹಾಕಿ ಕೂತರೆ ಸಾಕು. ಯಾಕೆ ಅಂತ ಹೇಳುವ ಮೊದಲು ನಾನೇ ಮರ್ಯಾದೆ ಕಳೆದುಕೊಂಡ ಒಂದು ರಾತ್ರಿಯ ಸುದ್ದಿ ಹೇಳುತ್ತೇನೆ.

ನನಗೆ ಆಗ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ನಮ್ಮ ಕಡೆ ಮಳೆ ಶುರುವಾದರೆ ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ, ತಾಳಮದ್ದಳೆ ಶುರುವಾಗುತ್ತದೆ. ನೋಡದವರಿಗಾಗಿ ಹೇಳುತ್ತೇನೆ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಎದುರುಬದುರು ಕೂತು ಆ ಪದ್ಯಕ್ಕೆ ಮಾತಿನಲ್ಲಿ ಅರ್ಥ ಹೇಳುತ್ತಾರೆ. ಪದ್ಯ ಯಾವತ್ತೋ ಬರೆದಿಟ್ಟದ್ದು. ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಅದು ಅಲ್ಲೇ, ಆ ಹೊತ್ತಿಗೆ ಹುಟ್ಟಬೇಕು.

ಅವತ್ತಿನ ಪ್ರಸಂಗ ‘ಅಂಗದ ಸಂಧಾನ’. ವಾಲಿಯ ಮಗ ಅಂಗದ ರಾಮನ ದೂತನಾಗಿ ಲಂಕೆಗೆ ಹೋಗುತ್ತಾನೆ. ಅಂಗದ ನನ್ನ ಪಾಲಿಗೆ ಬಂದಿದ್ದ. ನಾನು ಎಂಟು ಪುಟ ಬರೆದು ಬಾಯಿಪಾಠ ಮಾಡಿದ್ದೆ. ರಾವಣ ಹೀಗೆ ಕೇಳಿದರೆ ಹೀಗೆ, ಹಾಗೆ ಕೇಳಿದರೆ ಹಾಗೆ. ‘ಅಪ್ಪನನ್ನು ಕೊಂದವನ ದೂತನಾಗಿ ಬಂದಿದ್ದೀಯಲ್ಲ, ನಾಚಿಕೆ ಆಗಲ್ವಾ’ ಅಂತ ಕೇಳಿಯೇ ಕೇಳುತ್ತಾನೆ. ಅದಕ್ಕೇ ಒಂದೂವರೆ ಪುಟ ತಯಾರಿತ್ತು.

ರಾವಣನ ಅರ್ಥಕ್ಕೆ ಕೂತವರು ಹಳಬರು. ಅವರು ಆ ಪ್ರಶ್ನೆ ಕೇಳಲೇ ಇಲ್ಲ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ವಾಲಿ ರಾವಣನಿಗೆ ಸ್ನೇಹಿತ. ಆ ಲೆಕ್ಕದಲ್ಲಿ ಅಂಗದ ಮಗನ ಹಾಗೆ. ದನಿ ಇಳಿಸಿ ಕೇಳಿದರು: ‘ಮಗೂ, ಅಮ್ಮ ಹೇಗಿದ್ದಾಳೆ?’

ತಾರೆ ಈಗ ಇರುವುದು ಸುಗ್ರೀವನ ಅರಮನೆಯಲ್ಲಿ. ಗಂಡನನ್ನು ಕೊಲ್ಲಿಸಿದ ಮೈದುನನ ಜೊತೆ. ಆ ಒಂದು ಮಾತಿನೊಳಗೆ ಅದೆಲ್ಲ ಇತ್ತು. ಸಭೆ ಗಪ್ಪಾಯಿತು. ಅಂಗದ ಅನ್ನುವ ಹುಡುಗ ಅವತ್ತು ಏನು ಹೇಳಬಹುದಿತ್ತು, ಯೋಚಿಸಿ! ನನ್ನ ಎಂಟು ಪುಟದಲ್ಲಿ ಅಮ್ಮ ಇರಲಿಲ್ಲ. ನಾನು ರಾಮನ ಗುಣಗಾನ ಶುರು ಮಾಡಿದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಭಾಗವತರಿಗೆ ಕರುಣೆ ಬಂತೋ ಸಿಟ್ಟು ಬಂತೋ, ನನ್ನ ಮಾತು ಮುಗಿಯುವ ಮೊದಲೇ ಮುಂದಿನ ಪದ್ಯ ಎತ್ತಿದರು. ಎಲ್ಲ ಮುಗಿದ ಮೇಲೆ ರಾವಣ ವೀಳ್ಯ ಕಟ್ಟುತ್ತಾ ಹೇಳಿದರು: ‘ಅಮ್ಮನ ಸುದ್ದಿ ಕೇಳಿದರೆ ರಾಮನ ಸುದ್ದಿ ಹೇಳ್ತೀಯಲ್ಲ ಮಾರಾಯ!’

ನಿಮ್ಮ ಎರಡು ಪುಟ ಓದಿದಾಗ ನನಗೆ ಆ ರಾತ್ರಿ ನೆನಪಾಯಿತು.

ಅಲ್ಲಿ ಅಣ್ಣ ಕಟ್ಟಿಗೆ ಒಲೆ ಹೊತ್ತಿಸಿ ಕಾಫಿ ಮಾಡುತ್ತಾನೆ. ಸಿಲಿಂಡರ್ ಆಗಲೇ ವಾಪಸ್ ಕೊಟ್ಟಾಗಿದೆ. ತನ್ನ ಲೋಟಕ್ಕೆ ಎರಡು ಚಮಚ ಸಕ್ಕರೆ, ತಂಗಿಯದಕ್ಕೆ ಅರ್ಧ. ಕೇಳದೆ ಹಾಕುತ್ತಾನೆ. ಎಷ್ಟೋ ವರ್ಷ ಒಟ್ಟಿಗೆ ಇರದಿದ್ದರೂ ಅವನಿಗೆ ಅದು ಮರೆತಿಲ್ಲ. ಆ ಎರಡು ಪುಟದಲ್ಲಿ ನನ್ನ ಕಣ್ಣು ನಿಂತದ್ದು ಅಲ್ಲಿ. ಆ ಅರ್ಧ ಚಮಚ ನಿಮ್ಮ ಯಾವ ಚೀಟಿಯಲ್ಲೂ ಇರಲಿಲ್ಲ ಅಂತ ಬೇಕಾದರೆ ಪಂದ್ಯ ಕಟ್ಟುತ್ತೇನೆ. ಬರೆಯುವಾಗ ಬಂದಿದೆ.

ಮುಂದಿನ ಸಾಲಿನಲ್ಲೇ ತಂಗಿ ಲೋಟ ಕುಕ್ಕಿ, ‘ನನ್ನ ಪಾಲು ಎಷ್ಟು ಅಂತ ಮೊದಲು ಹೇಳು’ ಅನ್ನುತ್ತಾಳೆ. ಯಾಕೆ? ಐದನೇ ಚೀಟಿಯಲ್ಲಿ ‘ಜಗಳ’ ಅಂತ ಬರೆದಿದೆ, ಅದಕ್ಕೆ. ಅಣ್ಣ ಸಕ್ಕರೆ ಹಾಕಿದ್ದನ್ನು ನೀವು ನೋಡಿದಿರಿ, ನಾನು ನೋಡಿದೆ. ಅವಳು ನೋಡಲೇ ಇಲ್ಲ. ಅವಳು ಗೋಡೆ ನೋಡುತ್ತಿದ್ದಳು.

ಅವಳು ಲೋಟ ನೋಡಿದ್ದರೆ? ಕುಡಿದು ನೋಡಿದ್ದರೆ? ನಾನು ಸುಮ್ನೆ ಒಂದು ದಾರಿ ಹಿಡಿದು ನೋಡಿದೆ. ಇದೇ ಸರಿ ಅಂತಲ್ಲ, ತಮಾಷೆಗೆ ಓದಿ:

‘ಸಕ್ಕರೆ ಸಾಕಾ?’

‘ಹ್ಞೂಂ.’

ಅವಳು ಎರಡೂ ಲೋಟ ತಗೊಂಡು ತೊಳೆಯಲು ಹಿತ್ತಲಿಗೆ ಹೋದಳು. ಬಾವಿಕಟ್ಟೆಯ ಪಕ್ಕ ಒರಳು ಇತ್ತು. ಒಳಗೆ ಮಳೆನೀರು ನಿಂತಿತ್ತು. ಗುಂಡು ಇರಲಿಲ್ಲ.

‘ಗುಂಡು ಎಲ್ಲಿ?’

‘ನಿನ್ನ ಅತ್ತಿಗೆ ತಗೊಂಡು ಹೋದಳು. ಹೋದ ವರ್ಷ. ಬಾಲ್ಕನಿಯಲ್ಲಿ ಕುಂಡದ ಪಕ್ಕ ಇಟ್ಟಿದ್ದಾಳೆ, ಚೆಂದ ಕಾಣುತ್ತೆ ಅಂತ.’

‘ಒರಳು ಬಿಟ್ಟು?’

‘ಒರಳು ಯಾರು ಹೊರ್ತಾರೆ?’

ಜಗಳ ಇನ್ನೂ ಬಂದಿಲ್ಲ, ಆದರೆ ಅದು ಬರುವ ದಾರಿ ಕಾಣುತ್ತಿದೆ ಅಲ್ವಾ? ಪಾಲು, ದುಡ್ಡು ಅನ್ನುವ ಮಾತು ಎತ್ತುವ ಅಗತ್ಯವೇ ಬೀಳಲಿಲ್ಲ. ಐದನೇ ಚೀಟಿ ಅಲ್ಲೇ ಇದೆ. ಅದನ್ನು ನಾನು ಹರಿದಿಲ್ಲ. ಅದರ ಹತ್ತಿರ ಹೋಗುವ ಹೆಜ್ಜೆಯನ್ನು ಮಾತ್ರ ಅವಳಿಗೇ ಬಿಟ್ಟೆ. ಪ್ರತಿ ಸಾಲು ಬರೆದ ಮೇಲೆ ಕೇಳಿಕೊಂಡದ್ದು ಒಂದೇ: ಇದಕ್ಕೆ ಇವಳು ಏನಂತಾಳೆ? ನೀವು ಕೇಳಿಕೊಳ್ಳುತ್ತಿದ್ದದ್ದು ಬಹುಶಃ ‘ಈಗ ಏನಾಗಬೇಕು’ ಅಂತ. ಕತೆ ಹರಿಯುತ್ತದೆ ಅನ್ನುತ್ತೇವಲ್ಲ, ಅದು ನನ್ನ ಪ್ರಕಾರ ಇಷ್ಟೇ. ಒಂದು ಸಾಲು ಹಿಂದಿನ ಸಾಲಿಗೆ ಉತ್ತರವಾಗಿ ಬರುವುದು. ಕೇಳಿದ ಪ್ರಶ್ನೆ ಬಿಟ್ಟು ತಯಾರು ಮಾಡಿಕೊಂಡ ಉತ್ತರ ಹೇಳಿದರೆ ಅಂಗದನೂ ಸಾಯುತ್ತಾನೆ, ನಿಮ್ಮ ತಂಗಿಯೂ ಸಾಯುತ್ತಾಳೆ.

ಹಾಗಂತ ಪದ್ಯವೇ ಬೇಡವಾ, ನಿಮ್ಮ ಲೆಕ್ಕದಲ್ಲಿ ಚೀಟಿಯೇ ಬೇಡವಾ ಅಂದರೆ, ಬೇಕು. ‘ವಾಲಿ ವಧೆ’ಯನ್ನೇ ನೋಡಿ. ವಾಲಿ ಸಾಯುತ್ತಾನೆ ಅಂತ ಚಾಪೆ ಹಾಸಿಕೊಂಡು ಕೂತ ಮಗುವಿಗೂ ಗೊತ್ತು. ರಾಮ ಮರೆಯಲ್ಲಿ ನಿಂತು ಬಾಣ ಬಿಟ್ಟಿದ್ದಾನೆ. ಬಿದ್ದ ವಾಲಿ ‘ಎದುರಿಗೆ ಬಂದು ಯಾಕೆ ಹೊಡೆಯಲಿಲ್ಲ’ ಅಂತ ಕೇಳುತ್ತಾನೆ. ರಾಮ ಉತ್ತರ ಕೊಡಬೇಕು. ಇಬ್ಬರು ಗಟ್ಟಿ ಅರ್ಥಧಾರಿಗಳು ಸಿಕ್ಕಿದರೆ ಈ ಒಂದು ವಾದವೇ ಗಂಟೆ ದಾಟುತ್ತದೆ. ಜನ ನಿದ್ದೆ ಬಿಟ್ಟು ಕೂತಿರುತ್ತಾರೆ. ಕೊನೆ ಗೊತ್ತಿದ್ದರೆ ಕುತೂಹಲ ಹೋಯಿತು ಅಂತ ಕಾರ್ಯಾಗಾರದಲ್ಲಿ ಹೇಳಿಕೊಟ್ಟಿರಬಹುದು. ತಾಳಮದ್ದಳೆಯ ಸಭೆ ಅದನ್ನು ಒಪ್ಪುವುದಿಲ್ಲ. ಈ ರಾಮ ಇವತ್ತು ಈ ವಾಲಿಗೆ ಏನು ಹೇಳುತ್ತಾನೆ ಅಂತ ಕಾಯುತ್ತಾರೆ.

ಆದರೆ ಮಾತು ಎಲ್ಲೆಲ್ಲೋ ಹೋದರೆ ತಡೆಯಲು ಭಾಗವತರು ಇದ್ದಾರೆ. ಮುಂದಿನ ಪದ್ಯ ಅವರ ಬಾಯಲ್ಲಿ ತಯಾರಾಗಿ ಕೂತಿರುತ್ತದೆ. ಒಳ್ಳೆ ಅರ್ಥಧಾರಿ ಎಷ್ಟು ದೂರ ಸುತ್ತಿದರೂ ಕೊನೆಗೆ ಮಾತನ್ನು ಆ ಪದ್ಯದ ಬಾಗಿಲಿಗೆ ತಂದು ಬಿಡುತ್ತಾನೆ. ಅಲ್ಲಿಂದ ಹಾಡು ಎದ್ದರೆ, ಇದನ್ನೇ ಹಾಡಬೇಕಿತ್ತು ಅನ್ನಿಸಬೇಕು. ಹಾಗಾಗಿ ನಿಮಗೆ ನನ್ನ ಸಲಹೆ, ಒಂದು ಸಲಕ್ಕೆ ಒಂದೇ ಚೀಟಿ ನೋಡಿ. ಮುಂದಿನದು ಮಾತ್ರ. ಮಿಕ್ಕ ಹನ್ನೊಂದನ್ನು ಡ್ರಾಯರಿನಲ್ಲಿ ಹಾಕಿಡಿ.

ಈ ಚೀಟಿಗಳು ಎಲ್ಲಿಂದ ಬಂದವು ಅಂತ ಗೊತ್ತಾದರೆ ಅವುಗಳ ಬಗ್ಗೆ ಭಯ ಸ್ವಲ್ಪ ಕಡಿಮೆ ಆಗಬಹುದು. ಕತೆ ಗುಡ್ಡದ ಹಾಗೆ ಏರಿ ಇಳಿಯಬೇಕು ಅನ್ನುವ ಚಿತ್ರ ನಿಮಗೂ ಹಾಕಿ ತೋರಿಸಿರುತ್ತಾರೆ. ಅದು 1863ರಲ್ಲಿ ಜರ್ಮನಿಯ ಗುಸ್ತಾವ್ ಫ್ರೈಟಾಗ್ ಕೊಟ್ಟ ಚಿತ್ರ. ಅವನು ಗ್ರೀಕ್ ದುರಂತ ನಾಟಕ, ಶೇಕ್ಸ್‌ಪಿಯರ್ ನಾಟಕಗಳನ್ನು ಮುಂದೆ ಇಟ್ಟುಕೊಂಡು ಅವು ಹೇಗೆ ಕಟ್ಟಿಕೊಂಡಿವೆ ಅಂತ ನೋಡಿ ಬರೆದ. ನಾಟಕಗಳು ಮೊದಲು, ಗುಡ್ಡ ಆಮೇಲೆ. ಶೇಕ್ಸ್‌ಪಿಯರ್ ಸತ್ತು ಇನ್ನೂರೈವತ್ತು ವರ್ಷದ ಹತ್ತಿರ ಆಗಿತ್ತು. ಇನ್ನು ಮೂರು ಅಂಕ. ಪುಟದ ಲೆಕ್ಕದ ಸಮೇತ ಅದನ್ನು ಎಲ್ಲರ ಬಾಯಿಗೆ ಹಾಕಿದವನು ಅಮೆರಿಕದ ಸಿಡ್ ಫೀಲ್ಡ್, 1979ರಲ್ಲಿ. ಅವನು ಹೇಳುತ್ತಿದ್ದದ್ದು ಸಿನಿಮಾ ಚಿತ್ರಕತೆಯ ವಿಷಯ. 120 ಪುಟ, ಪುಟಕ್ಕೆ ಒಂದು ನಿಮಿಷ. ಮೊದಲ 30 ಪುಟ ಪರಿಚಯ, ಮಧ್ಯದ 60 ಪುಟ ತಿಕ್ಕಾಟ, ಕೊನೆಯ 30 ಪುಟ ಪರಿಹಾರ. ಎರಡು ಗಂಟೆಯ ಸಿನಿಮಾಕ್ಕೆ, ದುಡ್ಡು ಹಾಕುವವನು ಕೂತು ಓದುವ ಸ್ಕ್ರಿಪ್ಟಿಗೆ ಈ ಅಳತೆ. ನಿಮ್ಮ ಕತೆ ಹತ್ತು ಪುಟ ಇದೆ. ಲಾರಿಯ ಟಾರ್ಪಾಲನ್ನು ಸೈಕಲ್ಲಿಗೆ ಹೊದೆಸಿದರೆ ಚಕ್ರ ತಿರುಗುವುದು ಕಷ್ಟ.

ಇದು ಹೊರಗಿನವರ ಕಾಯಿಲೆ ಅಂತ ನಾನು ಹೇಳುತ್ತಿಲ್ಲ, ಮತ್ತೆ. ನಮ್ಮಲ್ಲೂ ಪಟ್ಟಿಗಳಿಗೆ ಬರ ಇರಲಿಲ್ಲ. ನಾಟ್ಯಶಾಸ್ತ್ರ ನಾಟಕದ ಕತೆಗೆ ಐದು ಸಂಧಿ, ಅಂದರೆ ಐದು ಘಟ್ಟ, ಹೇಳಿದೆ. ಮಹಾಕಾವ್ಯ ಅಂದರೆ ಹದಿನೆಂಟು ವರ್ಣನೆ ಇರಬೇಕು ಅನ್ನುವ ಸಂಪ್ರದಾಯ ಇತ್ತು. ಪಟ್ಟಣ, ಸಮುದ್ರ, ಬೆಟ್ಟ, ಋತು, ಸೂರ್ಯೋದಯ, ಚಂದ್ರೋದಯ, ವನವಿಹಾರ, ಜಲಕ್ರೀಡೆ, ಹೀಗೆ. ಕತೆಗೆ ಬೇಕೋ ಬೇಡವೋ, ಜಲಕ್ರೀಡೆ ಆಗಲೇಬೇಕು. ಎಷ್ಟೋ ಕಾವ್ಯಗಳಲ್ಲಿ ಆ ಭಾಗ ಬಂದರೆ ನಾನು ಪುಟ ಮಗುಚುತ್ತೇನೆ, ಸುಳ್ಳು ಯಾಕೆ ಹೇಳಲಿ. ಪಂಪನೂ ಈ ಸಂಪ್ರದಾಯದ ಒಳಗೇ ಇದ್ದವನು. ಆದರೆ ನಾಡನ್ನು ಬಣ್ಣಿಸಬೇಕಾದ ಜಾಗಕ್ಕೆ ಬಂದಾಗ ಅವನ ಕೈಯಲ್ಲಿ ಬನವಾಸಿ ಬಂತು. ತೆಂಗಾಳಿ ಸೋಕಿದರೆ, ಒಳ್ಳೆ ಮಾತು ಕಿವಿಗೆ ಬಿದ್ದರೆ, ಮಲ್ಲಿಗೆ ಬಿರಿದದ್ದು ಕಂಡರೆ ಮನಸ್ಸು ಆ ಊರಿಗೆ ಓಡುತ್ತದೆ, ಯಾರು ಅಂಕುಶ ಹಾಕಿದರೂ ನಿಲ್ಲುವುದಿಲ್ಲ ಅನ್ನುತ್ತಾನೆ. ಸಾವಿರ ವರ್ಷ ಆದರೂ ಜನ ಅದನ್ನು ಬಾಯಲ್ಲಿ ಇಟ್ಟುಕೊಂಡಿದ್ದಾರೆ. ಖಾನೆ ಅದೇ. ಅದರೊಳಗೆ ಹಂಬಲ ಹೊಕ್ಕಿತು.

ಇನ್ನೊಬ್ಬ ಇದ್ದಾನೆ, ನನಗೆ ಬಹಳ ಬೇಕಾದವನು. ಗದುಗಿನ ಕುಮಾರವ್ಯಾಸ. ಹಲಗೆ ಬಳಪ ಹಿಡಿಯಲಿಲ್ಲ, ಒಮ್ಮೆ ಇಟ್ಟ ಪದ ಅಳಿಸಲಿಲ್ಲ ಅಂತ ಅವನೇ ಹೇಳಿಕೊಂಡಿದ್ದಾನೆ. ಇದಕ್ಕಿಂತ ದೊಡ್ಡ ‘ಹರಿಯಲು ಬಿಡುವವನು’ ಯಾರು ಸಿಗುತ್ತಾರೆ? ಬಡಾಯಿಯಲ್ಲಿ ಅರ್ಧ ಕಳೆದರೂ ಜಾಸ್ತಿಯೇ ಉಳಿಯುತ್ತದೆ. ಆದರೆ ಅದೇ ಮನುಷ್ಯ ಮಹಾಭಾರತದ ಮೊದಲ ಹತ್ತು ಪರ್ವವನ್ನು ಪೂರ್ತಿ ಭಾಮಿನಿ ಷಟ್ಪದಿಯಲ್ಲಿ ಬರೆದ. ಆರು ಸಾಲು. ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 14 ಮಾತ್ರೆ. ಮೂರು ಮತ್ತು ಆರಕ್ಕೆ 23. ಮೂರು ನಾಲ್ಕು, ಮೂರು ನಾಲ್ಕು ಅಂತ ಗಣ. ಜೊತೆಗೆ ಆದಿಪ್ರಾಸ. ಸಾವಿರಾರು ಪದ್ಯ ಇದೇ ಲೆಕ್ಕ.

ಇದನ್ನು ಯೋಚಿಸುತ್ತಾ ಯೋಚಿಸುತ್ತಾ ನನಗೆ ಒಂದು ವಿಷಯ ಹೊಳೆಯಿತು. ನಾನು ಕತೆ ತಿದ್ದುವ ಕೆಲಸದಲ್ಲಿ ಇದನ್ನು ತುಂಬ ಸಲ ಬಳಸಿದ್ದೇನೆ. ಅವನ ಕಟ್ಟುಪಾಡು ಇದ್ದದ್ದು ಸಾಲಿನಲ್ಲಿ, ಕೈಗೆ ಸಿಗುವಷ್ಟು ಹತ್ತಿರ. ಕತೆಯ ಓಟದಲ್ಲಿ ಅಲ್ಲ. ಸಾಲಿನ ಲಯ ಕಾಲಿಗೆ ನೆಲ ಕೊಟ್ಟಿತು, ಅದರ ಮೇಲೆ ಅವನು ಬೇಕಾದ ಕಡೆ ಓಡಿದ. ಒಂದು ಯುದ್ಧಕ್ಕೆ ಎಷ್ಟು ಪದ್ಯ, ಒಂದು ಅಳುವಿಗೆ ಎಷ್ಟು ಪದ್ಯ ಅಂತ ಯಾರೂ ಅವನಿಗೆ ಖಾನೆ ಹಾಕಿಕೊಟ್ಟಿರಲಿಲ್ಲ. ನಿಮ್ಮದು ಉಲ್ಟಾ ಆಗಿದೆ. ಕತೆಯ ತಿರುವಿಗೆಲ್ಲ ಬೇಲಿ ಹಾಕಿದ್ದೀರಿ, ಹತ್ತಿರದ ವಿಷಯ ಎಲ್ಲ ಸಡಿಲ ಬಿಟ್ಟಿದ್ದೀರಿ. ಕತೆ ಒಮ್ಮೆ ಅಣ್ಣನ ತಲೆಯೊಳಗೆ ಇರುತ್ತದೆ, ಒಮ್ಮೆ ತಂಗಿಯ ತಲೆಯೊಳಗೆ. ಒಂದು ಕಡೆ ಬೆಳಿಗ್ಗೆ, ಇನ್ನೊಂದು ಕಡೆ ಮೂರು ದಿನ ಆದಮೇಲೆ.

ತಿರುಗಿಸಿ ನೋಡಿ. ಕತೆ ತಂಗಿಯ ಕಣ್ಣಿನಲ್ಲೇ ನಡೆಯಲಿ. ಅವಳು ಕಾಣದ್ದನ್ನು ನಾವೂ ಕಾಣಬಾರದು. ಬಸ್ ಇಳಿದು ಬಂದದ್ದು ಬೆಳಿಗ್ಗೆ, ವಾಪಸ್ ಬಸ್ ಸಂಜೆ ಐದಕ್ಕೆ. ಅಷ್ಟರಲ್ಲಿ ಎಲ್ಲ ಆಗಬೇಕು. ಮನೆಯ ಅಂಗಳ ದಾಟಿ ಕತೆ ಆಚೆ ಹೋಗಬಾರದು. ಇಂಥ ಮೂರು ನಿಯಮ ಹಾಕಿಕೊಂಡು ಒಳಗಡೆ ಅವರಿಬ್ಬರನ್ನು ಬಿಟ್ಟುಬಿಡಿ. ಮುಗಿಯುವುದೇ ಇಲ್ಲ ಅಂತ ಹೆದರಿದ್ದೀರಲ್ಲ, ಐದರ ಬಸ್ಸು ಅದನ್ನು ನೋಡಿಕೊಳ್ಳುತ್ತದೆ.

ಕತೆ ಹರಿಯುವುದು ಅಂದರೆ ಸುತ್ತಿ ಬಳಸಿ ಹರಟುವುದು ಅಂತ ತಿಳಿದವರೂ ಇದ್ದಾರೆ. ಅವರು ಸಾಮಾನ್ಯವಾಗಿ ಮಾಸ್ತಿಯವರ ಹೆಸರು ಹೇಳುತ್ತಾರೆ. ‘ರಂಗನ ಮದುವೆ’ ಓದಿದ್ದರೆ ನಿಮಗೂ ನೆನಪಿರಬಹುದು. ಮದುವೆಯ ಸುದ್ದಿ ಬರುವ ಮೊದಲು ಹೊಸಹಳ್ಳಿಯ ಸುದ್ದಿ ಎಷ್ಟು ಬರುತ್ತದೆ! ಕತೆಯ ಹೆಸರಿನ ಬಗ್ಗೆ ಒಂದು ಹರಟೆ, ಭೂಪಟದಲ್ಲಿ ಊರು ಕಾಣದ ಬಗ್ಗೆ ಒಂದು, ಬ್ರಹ್ಮರಂಧ್ರಕ್ಕೆ ಹತ್ತುವ ಮಾವಿನಕಾಯಿ ಹುಳಿಯ ಬಗ್ಗೆ ಒಂದು. ಚೀಟಿ ಲೆಕ್ಕದಲ್ಲಿ ನೋಡಿದರೆ ಇದೆಲ್ಲ ದಂಡ. ಆದರೆ ಆ ಹರಟೆ ಮುಗಿಯುವ ಹೊತ್ತಿಗೆ ಕತೆ ಹೇಳುತ್ತಿರುವ ಶ್ಯಾಮ ಎಂಥ ಮನುಷ್ಯ ಅಂತ ನಮಗೆ ಗೊತ್ತಾಗಿರುತ್ತದೆ. ಊರಿನ ಮೇಲೆ ಜೀವ, ಬೇರೆಯವರ ಮನೆ ವಿಷಯದಲ್ಲಿ ಕೈ ಹಾಕದೆ ಇರಲಾರ. ಬೆಂಗಳೂರಿನಲ್ಲಿ ಇಂಗ್ಲಿಷ್ ಕಲಿತು ಬಂದ ರಂಗನನ್ನು ನೋಡಲು ಊರೇ ಸೇರುತ್ತದೆ. ಒಬ್ಬ ಅಜ್ಜಿ ಅವನ ಎದೆ ತಡವಿ ಜನಿವಾರ ಇದೆಯಾ ಅಂತ ಪರೀಕ್ಷೆ ಮಾಡುತ್ತಾಳೆ. ಇಂಥ ಊರಲ್ಲಿ ಇಂಥ ಶ್ಯಾಮ ಜೋಯಿಸರನ್ನು ಒಳಗೆ ಹಾಕಿಕೊಂಡು ಒಂದು ಮದುವೆ ಕುದುರಿಸಿದ ಅಂದರೆ ಯಾರಿಗೂ ಆಶ್ಚರ್ಯ ಆಗುವುದಿಲ್ಲ. ಹರಟೆಯಲ್ಲೇ ಸಾಕ್ಷಿ ಸಿಕ್ಕಿರುತ್ತದೆ. ನಿಮ್ಮ ಹರಟೆಗೆ ಆ ಕೆಲಸ ಮಾಡುವ ಶಕ್ತಿ ಇದ್ದರೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಎಷ್ಟೇ ಸೊಗಸಾಗಿದ್ದರೂ ತೆಗೆಯಿರಿ. ಹರಿಯುತ್ತಿದೆ ಅಂತ ಬಿಟ್ಟು ಕೆಸರು ಮಾಡಿಕೊಂಡ ಕತೆಗಳನ್ನು ನಾನು ಚೀಟಿ ಕತೆಗಳಿಗಿಂತ ಜಾಸ್ತಿ ತಿದ್ದಿದ್ದೇನೆ. ಅವು ಇನ್ನೂ ಕಷ್ಟ.

ಪತ್ತೇದಾರಿ ಕತೆ ಬರೆಯುತ್ತೀರಾದರೆ, ನಾಲ್ಕೈದು ಜನ ಸೇರಿ ಧಾರಾವಾಹಿ ಬರೆಯುತ್ತೀರಾದರೆ ನಾನು ಹೇಳಿದ್ದನ್ನು ಮರೆತುಬಿಡಿ. ಅಲ್ಲಿ ಚೀಟಿ ಮೊದಲು.

ನಿಮ್ಮ ಕತೆಗೆ ಇನ್ನೊಂದು ಕೆಲಸ ಮಾಡಿ. ಬರೆಯುವ ಮೊದಲು ಯಾರಿಗಾದರೂ ಬಾಯಲ್ಲಿ ಹೇಳಿ. ಕಾಗೆ ಗುಬ್ಬಿ ಕತೆ ಗೊತ್ತಲ್ಲ. ಕಾಗೆಯ ಸಗಣಿ ಮನೆ ಮಳೆಗೆ ಕೊಚ್ಚಿಹೋಗುತ್ತದೆ, ಗುಬ್ಬಿಯ ಕಲ್ಲಿನ ಮನೆ ಬಾಗಿಲು ತಟ್ಟುತ್ತದೆ. ಗುಬ್ಬಿ ‘ತಾಳು, ಮಗುವಿಗೆ ಎಣ್ಣೆ ಹಚ್ತಿದೀನಿ’ ಅನ್ನುತ್ತದೆ. ಮತ್ತೆ ತಟ್ಟಿದರೆ ‘ತಾಳು, ನೀರು ಹಾಕ್ತಿದೀನಿ’. ಮತ್ತೆ ತಟ್ಟಿದರೆ ‘ತಾಳು, ತೊಟ್ಟಿಲು ತೂಗ್ತಿದೀನಿ’. ನಮ್ಮ ಅಜ್ಜಿ ಹೇಳುವಾಗ ಈ ‘ತಾಳು’ ಕೆಲವು ದಿನ ಮೂರು ಇರುತ್ತಿತ್ತು, ಕೆಲವು ದಿನ ಒಂಬತ್ತು. ನಾವು ಕಣ್ಣು ಬಿಟ್ಟುಕೊಂಡಿದ್ದರೆ ಗುಬ್ಬಿಯ ಮಗುವಿಗೆ ಕಾಡಿಗೆ, ಬಟ್ಟೆ, ಬಳೆ ಎಲ್ಲ ಆಗುತ್ತಿತ್ತು. ನಿದ್ದೆಗೆ ಜಾರಿದರೆ ಬಾಗಿಲು ಬೇಗ ತೆರೆಯುತ್ತಿತ್ತು. ಅಜ್ಜಿಯ ಕಣ್ಣು ನಮ್ಮ ರೆಪ್ಪೆಯ ಮೇಲೆ ಇರುತ್ತಿತ್ತು. ನೀವು ಹೇಳುವಾಗಲೂ ಎದುರಿನವರ ಮುಖ ನೋಡಿ. ಎಲ್ಲಿ ಫೋನ್ ಕಡೆ ಕೈ ಹೋಗುತ್ತದೆ, ಎಲ್ಲಿ ‘ಆಮೇಲೆ?’ ಅನ್ನುತ್ತಾರೆ, ಗುರುತು ಹಾಕಿಕೊಳ್ಳಿ. ಯಾರೂ ಸಿಗದಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ನಿಮಗೆ ಎಲ್ಲಿ ಬೇಜಾರಾಗುತ್ತದೋ ಓದುಗರಿಗೆ ಅದಕ್ಕಿಂತ ಒಂದು ಪುಟ ಮೊದಲೇ ಆಗಿರುತ್ತದೆ.

ಕರಡು ಪೂರ್ತಿ ಆದಮೇಲೆ ಡ್ರಾಯರ್ ತೆಗೆಯಿರಿ. ಹನ್ನೆರಡು ಚೀಟಿಯನ್ನು ಕತೆಯ ಪಕ್ಕ ಇಟ್ಟು ನೋಡಿ. ಏಳೆಂಟು ತಾನಾಗಿ ಬಂದಿರುತ್ತವೆ, ಬೇರೆ ಜಾಗದಲ್ಲಿ. ಒಂದೆರಡು ಬಂದೇ ಇರುವುದಿಲ್ಲ, ಬರದೆ ಏನೂ ನಷ್ಟ ಆಗಿರುವುದಿಲ್ಲ. ಮಧ್ಯದಲ್ಲಿ ಎಲ್ಲೋ ನಾಲ್ಕು ಪುಟ ಯಾರಿಗೂ ಏನೂ ಆಗದೆ ಕತೆ ಕೂತುಬಿಟ್ಟಿದ್ದರೆ ಆಗ ಚೀಟಿ ಕೆಲಸಕ್ಕೆ ಬರುತ್ತದೆ. ಟೈಲರ್ ಟೇಪ್ ಹಿಡಿಯುವುದು ಬಟ್ಟೆ ಮೈಮೇಲೆ ಬಂದಮೇಲೂ ಇದೆ ತಾನೆ.

ಹನ್ನೆರಡನೇ ಚೀಟಿಯಲ್ಲಿ ‘ರಾಜಿ’ ಅಂತ ಬರೆದಿದ್ದೀರಿ. ಅದನ್ನು ಮಾತ್ರ ಈಗಲೇ ಖಾಲಿ ಮಾಡಿ. ನನಗೆ ಆ ಒರಳಿನ ಚಿಂತೆ ಹತ್ತಿದೆ. ಗುಂಡು ಬೆಂಗಳೂರಿನ ಬಾಲ್ಕನಿಯಲ್ಲಿದೆ, ಒರಳು ಬಾವಿಕಟ್ಟೆಯ ಹತ್ತಿರ ಮಳೆನೀರು ತುಂಬಿಕೊಂಡು ಕೂತಿದೆ. ಐದರ ಬಸ್ಸಿಗೆ ಇನ್ನು ಇಪ್ಪತ್ತು ನಿಮಿಷ ಇದೆ. ಅವಳು ಏನು ಮಾಡುತ್ತಾಳೆ? ಬರೆದು ಕಳಿಸಿ.